ನೇತ್ರಾಣಿ ಆದ್ಮೇಲೆ ಮುಂದೇನು ಅನ್ನೋರಿಗೆ: ಡೆಕೋ ಡೈವಿಂಗ್ ಕಲಿಯೋಕೆ ತಯಾರಾಗೋದು ಹೇಗೆ

ಮುರ್ಡೇಶ್ವರದ ಹತ್ರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಆಯ್ತು, ಅಂಡಮಾನೂ ಆಯ್ತು, 18 ಮೀಟರಿನ ಓಪನ್ ವಾಟರ್, 30 ಮೀಟರಿನ ಅಡ್ವಾನ್ಸ್ಡ್ ಎರಡೂ ಕೋರ್ಸ್ ಮುಗೀತು, ಈಗ ಟೆಕ್ನಿಕಲ್ ಡೈವಿಂಗ್, ಅದರಲ್ಲೂ ಡೆಕೋ (ಡಿಕಂಪ್ರೆಷನ್, ಮೇಲೆ ಬರೋವಾಗ ದಾರೀಲಿ ನಿಂತು ನಿಂತು ಬರಲೇಬೇಕಾದ ಡೈವ್) ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ ಇತ್ತೀಚೆಗೆ ನಾಲ್ಕೈದು ಜನ ಕೇಳಿದ್ರು, ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಿದೀನಿ. ನಾನು ಇನ್‌ಸ್ಟ್ರಕ್ಟರ್ ಅಲ್ಲ, ಥಾಯ್ಲೆಂಡಿನ ಕೋ ತಾವೋ ದ್ವೀಪದಲ್ಲಿ ಅಡ್ವಾನ್ಸ್ಡ್ ನೈಟ್ರಾಕ್ಸ್ ಮತ್ತು ಡಿಕಂಪ್ರೆಷನ್ ಪ್ರೊಸೀಜರ್ಸ್ ಕೋರ್ಸ್ ಮಾಡಿ ಬಂದೋನು. ಇದನ್ನ ಓದ್ಕೊಂಡು ನೀರಿಗಿಳಿಯೋಕೆ ಹೋಗ್ಬೇಡಿ, ಕೋರ್ಸಿಗೆ ಹೋಗೋ ಮುಂಚೆ ಮೈ ಮನಸ್ಸು ತಯಾರು ಮಾಡ್ಕೊಳ್ಳೋಕೆ ಓದಿ.

ಮೊದ್ಲು ಒಂದು ವಿಷ್ಯ ತಲೇಲಿ ಕೂರ್ಬೇಕು. ಇಲ್ಲೀವರೆಗೂ ಮಾಡಿರೋ ಡೈವ್‌ಗಳಲ್ಲಿ ಏನೇ ಎಡವಟ್ಟಾದ್ರೂ ನಿಧಾನಕ್ಕೆ ನೇರ ಮೇಲೆ ಬಂದ್ಬಿಡ್ಬಹುದು. ಡೆಕೋ ಡೈವಲ್ಲಿ ಆ ದಾರಿ ಮುಚ್ಚಿರುತ್ತೆ. ತಲೆ ಎತ್ತಿದ್ರೆ ಬೋಟಿನ ತಳ ಕಾಣ್ತಿರುತ್ತೆ, ಬಿಸಿಲೂ ಕಾಣ್ತಿರುತ್ತೆ, ಆದ್ರೆ ಇನ್ನೂ 15 ನಿಮಿಷ 6 ಮೀಟರಲ್ಲೇ ನಿಲ್ಬೇಕು ಅಂದ್ರೆ ನಿಲ್ಲಲೇಬೇಕು. ಬಾಯಲ್ಲಿಟ್ಟು ಉಸಿರಾಡೋ ರೆಗ್ಯುಲೇಟರ್ ಕೆಟ್ರೂ, ಮಾಸ್ಕ್ ಕಿತ್ತೋದ್ರೂ, ಬಡ್ಡಿ (ಜೊತೇಲಿ ಡೈವ್ ಮಾಡೋರು) ಗಾಬರಿ ಬಿದ್ರೂ ಅಲ್ಲೇ ಸರಿ ಮಾಡ್ಕೊಬೇಕು. ಕೋರ್ಸ್ ಪೂರ್ತಿ ಇರೋದು ಇದಕ್ಕೇನೇ, ಆಳಕ್ಕೆ ಹೋಗೋದು ಅದರಲ್ಲಿ ಸಣ್ಣ ಭಾಗ.

ಯಾಕೆ ನಿಲ್ಬೇಕು? ನಾವು ಉಸಿರಾಡೋ ಗಾಳೀಲಿ 79 ಭಾಗ ನೈಟ್ರೋಜನ್, ಪ್ರತಿ 10 ಮೀಟರಿಗೆ ಒಂದು ಬಾರ್ ಒತ್ತಡ ಜಾಸ್ತಿ ಆಗ್ತಾ ಹೋದ ಹಾಗೆ ಅದು ಮೈಯೊಳಗೆ ಇಳೀತಾ ಹೋಗುತ್ತೆ. ಮಿಡಿ ಉಪ್ಪಿನಕಾಯಿ ಹಾಕೋದು ನೋಡಿದ್ರೆ ಅರ್ಥ ಆಗುತ್ತೆ, ಸಣ್ಣ ಮಿಡಿ ಬೇಗ ಉಪ್ಪೆಳ್ಕೊಳ್ಳುತ್ತೆ, ದಪ್ಪಂದು ವಾರಗಟ್ಲೆ ತಗೊಳ್ಳುತ್ತೆ. ರಕ್ತ ಬೇಗ ತುಂಬುತ್ತೆ ಬೇಗ ಖಾಲಿ ಆಗುತ್ತೆ, ಕೊಬ್ಬು ನಿಧಾನ. ಮೇಲೆ ಬೇಗ ಬಂದ್ರೆ ಒಳಗಿರೋ ನೈಟ್ರೋಜನ್ ಗುಳ್ಳೆ ಆಗಿ ಕೀಲು ನೋವು, ಮರಗಟ್ಟೋದು, ಕೆಟ್ಟದ್ರಲ್ಲಿ ಬೆನ್ನುಹುರಿಗೇ ಪೆಟ್ಟು. ಸ್ವಿಟ್ಜರ್‌ಲೆಂಡಿನ ಬ್ಯೂಲ್ಮನ್ ಅನ್ನೋ ಡಾಕ್ಟರು ಮೈಯನ್ನ 16 ಭಾಗ ಅಂದ್ಕೊಂಡು ಒಂದೊಂದಕ್ಕೂ ಒಂದೊಂದು ವೇಗ ಇಟ್ಟು ಲೆಕ್ಕ ಕಟ್ಟಿದ್ರು, ಇವತ್ತು ಎಷ್ಟೋ ಡೈವ್ ಕಂಪ್ಯೂಟರ್ ಒಳಗೆ ಓಡ್ತಿರೋದು ಅದೇ ಲೆಕ್ಕ. ಅದರ ಮೇಲೆ ಗ್ರೇಡಿಯಂಟ್ ಫ್ಯಾಕ್ಟರ್ ಅಂತ ಎರಡು ನಂಬರ್ ಹಾಕ್ತೀವಿ. ಮೊದಲನೇದು ಕಮ್ಮಿ ಇದ್ರೆ ಮೊದಲ ನಿಲುಗಡೆ ಆಳದಲ್ಲೇ ಶುರು ಆಗುತ್ತೆ, ಎರಡನೇದು ಕಮ್ಮಿ ಇದ್ರೆ ಕೊನೇಲಿ ಜಾಸ್ತಿ ಹೊತ್ತು ನಿಲ್ಬೇಕು. ಇಬ್ರು ಬಡ್ಡಿಗಳ ಕಂಪ್ಯೂಟರಲ್ಲೂ ಈ ನಂಬರ್ ಒಂದೇ ಇರ್ಬೇಕು, ಇಲ್ಲಾಂದ್ರೆ ಒಬ್ರು ಹೊರಡೋ ಹೊತ್ತಿಗೆ ಇನ್ನೊಬ್ರದ್ದು ಇನ್ನೂ ಆರು ನಿಮಿಷ ಬಾಕಿ ಅಂತಿರುತ್ತೆ.

ಇನ್ನು ಗ್ಯಾಸ್ ವಿಷ್ಯ, ಇದನ್ನ ನಿಧಾನಕ್ಕೆ ಓದಿ. ಆಕ್ಸಿಜನ್ ಜಾಸ್ತಿ ಹಾಕಿದ್ರೆ ನೈಟ್ರೋಜನ್ ಕಮ್ಮಿ ಆಗುತ್ತೆ, ಅದೇ ನೈಟ್ರಾಕ್ಸ್. ಆದ್ರೆ ಒತ್ತಡದಲ್ಲಿ ಆಕ್ಸಿಜನ್ನೇ ವಿಷ ಆಗುತ್ತೆ, ನೀರೊಳಗೆ ಫಿಟ್ಸ್ ಬರುತ್ತೆ, ಬಾಯಿಂದ ರೆಗ್ಯುಲೇಟರ್ ಬಿದ್ದೋಗುತ್ತೆ, ಮುಳುಗ್ತಾರೆ. ಅದಕ್ಕೇ ತಳದಲ್ಲಿರುವಾಗ ಆಕ್ಸಿಜನ್ ಪಾಲಿನ ಒತ್ತಡ 1.4 ಬಾರ್ ದಾಟಬಾರ್ದು, ಡೆಕೋ ನಿಲುಗಡೇಲಿ ಕದಲದೇ ಇರುವಾಗ 1.6 ವರೆಗೂ ಬಿಡ್ತಾರೆ. ಒಂದು ಗ್ಯಾಸನ್ನ ಎಷ್ಟು ಆಳದವರೆಗೆ ಉಸಿರಾಡ್ಬಹುದು ಅನ್ನೋ ಲೆಕ್ಕ ಸುಲಭ, ಮಿತಿಯನ್ನ ಆಕ್ಸಿಜನ್ ಪಾಲಿಂದ ಭಾಗ್ಸಿ, ಒಂದು ಕಳೀರಿ, ಹತ್ತರಿಂದ ಗುಣ್ಸಿ. 32 ಪರ್ಸೆಂಟಿಗೆ 33 ಮೀಟರ್ ಚಿಲ್ರೆ ಬರುತ್ತೆ, 28 ಪರ್ಸೆಂಟಿಗೆ ಸರಿಯಾಗಿ 40 ಮೀಟರ್. ಡೆಕೋಗೆ ಬಳಸೋ 50 ಪರ್ಸೆಂಟಿಗೆ 1.6 ಲೆಕ್ಕದಲ್ಲಿ 22 ಬರುತ್ತೆ, ನಾವು 21 ಅಂತ ಇಟ್ಕೊಳ್ತೀವಿ, ಶುದ್ಧ ಆಕ್ಸಿಜನ್‌ಗೆ ಬರೀ 6 ಮೀಟರ್. ಇವಿಷ್ಟು ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಬಾಯಲ್ಲಿ ಬರ್ಬೇಕು.

ನನಗೇ ಆಗಿದ್ದು ಹೇಳ್ತೀನಿ, ಯಾವ ಅಂಗಡಿ ಅಂತ ಬೇಡ. ಕೋರ್ಸ್ ಆದ್ಮೇಲಿನ ಒಂದು ಟ್ರಿಪ್ಪಲ್ಲಿ ಡೆಕೋ ಸಿಲಿಂಡರ್ ತುಂಬ್ಸಿಕೊಟ್ರು, ಮೇಲೆ ಟೇಪಲ್ಲಿ 50 ಅಂತ ನೀಟಾಗಿ ಬರ್ದಿತ್ತು, ಬೋಟ್ ಹೊರಡೋ ಗಡಿಬಿಡಿ, ಟೇಪ್ ಇದ್ಯಲ್ಲ ಅಂತ ಹೊತ್ಕೊಂಡು ಹೊರಟೆ. ಬಡ್ಡಿ ಬಿಡ್ಲಿಲ್ಲ, ಅಳೀದೆ ಬರೋ ಹಾಗಿಲ್ಲ ಅಂತ ನಿಂತ್ಬಿಟ್ಳು. ಅನಲೈಸರನ್ನ ಬರೀ ಗಾಳೀಲಿ ಹಿಡಿದು 20.9 ಗೆ ಸೆಟ್ ಮಾಡಿ, ವಾಲ್ವ್ ಸಣ್ಣಗೆ ಬಿಟ್ಟು ಹಿಡಿದ್ರೆ ನಂಬರ್ 50 ದಾಟ್ತು, 60 ದಾಟ್ತು, ಹೋಗಿ 78 ರಲ್ಲಿ ನಿಲ್ತು. ಟೇಪು ಹಿಂದಿನ ಸಲದ್ದು. 21 ಮೀಟರಲ್ಲಿ ಒತ್ತಡ 3.1 ಬಾರ್, ಅದನ್ನ 0.78 ರಿಂದ ಗುಣ್ಸಿದ್ರೆ 2.4 ದಾಟುತ್ತೆ. ಅವಳು ಅವತ್ತು ಹಟ ಹಿಡೀದೇ ಇದ್ರೆ ಅಂತ ಈಗ್ಲೂ ರಾತ್ರಿ ನೆನಪಾಗುತ್ತೆ. ಹಾಗಾಗಿ ಉಸಿರಾಡೋರೇ ಅಳೀಬೇಕು, ಹಳೇ ಟೇಪ್ ಕಿತ್ತು ಹೊಸದ್ರಲ್ಲಿ ಪರ್ಸೆಂಟು, ತಾರೀಖು, ಹೆಸರು ಬರೀಬೇಕು, ಎಷ್ಟು ಮೀಟರಿಗೆ ಬಳಸ್ಬಹುದು ಅನ್ನೋದನ್ನ ಅಂಗೈ ಅಗಲದ ಅಂಕೀಲಿ ಸಿಲಿಂಡರಿನ ಎರಡೂ ಕಡೆ ಬರೀಬೇಕು, ಯಾಕಂದ್ರೆ ನೀರೊಳಗೆ ಅದನ್ನ ಓದೋದು ನಿಮ್ಮ ಬಡ್ಡಿ.

ಮೇಲೆ ಬರೋವಾಗ ತಳದ ಗ್ಯಾಸ್ ಬಿಟ್ಟು 50 ಪರ್ಸೆಂಟಿನ ಡೆಕೋ ಗ್ಯಾಸಿಗೆ ಬದಲಾಯಿಸೋದನ್ನ ಮನೇಲಿ ಸೋಫಾ ಮೇಲೆ ಕೂತೇ ಅಭ್ಯಾಸ ಮಾಡಿ, ನಾನು ಹಂಗೇ ಮಾಡಿದ್ದು. 21 ಮೀಟರಿಗೆ ಬಂದು ನಿಲ್ಲಿ. ಸಿಲಿಂಡರ್ ಮೇಲಿನ ಅಂಕಿ ಓದಿ, ಕಂಪ್ಯೂಟರಲ್ಲಿ ಆಳ ನೋಡಿ, ಎರಡೂ ಹೊಂದ್ಬೇಕು. ವಾಲ್ವ್ ತಿರುಗ್ಸಿ. ಆ ಸಿಲಿಂಡರಿಂದ ಬರೋ ಹೋಸನ್ನ ಬೆರಳಲ್ಲಿ ಹಿಡಿದು ಬುಡದಿಂದ ಬಾಯಲ್ಲಿ ಕಚ್ಚೋ ತುಂಡಿನವರೆಗೂ ಸವರ್ಕೊಂಡು ಬನ್ನಿ, ಕೈಗೆ ಸಿಕ್ಕಿದ ರೆಗ್ಯುಲೇಟರ್ ಬಾಯಿಗಿಡೋದಲ್ಲ. ಬಡ್ಡಿ ನಿಮ್ಮ ಅಂಕಿ ಓದಿ, ಹೋಸ್ ಕಣ್ಣಲ್ಲಿ ಹಿಂಬಾಲಿಸಿ ಓಕೆ ಕೊಟ್ಮೇಲೇ ಬಾಯಲ್ಲಿರೋ ರೆಗ್ಯುಲೇಟರ್ ಬದಲಾಯಿಸಿ, ಆಮೇಲೆ ಕಂಪ್ಯೂಟರಲ್ಲೂ ಗ್ಯಾಸ್ ಬದಲಾಯಿಸಿ. ಆಮೇಲೆ ಅವರ ಸರದಿ, ನೀವು ನೋಡಿ. ಇಷ್ಟಾಗೋವಾಗ ಒಂದು ಮೀಟರೂ ಮೇಲೆ ಕೆಳಗೆ ಆಗಬಾರ್ದು, ಕಷ್ಟ ಇರೋದು ಅಲ್ಲೇ.

ಅದಕ್ಕೇ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ತೇಲೋದನ್ನ ಸರಿ ಮಾಡ್ಕೊಳ್ಳಿ. ನೇತ್ರಾಣಿಗೇ ಹೋಗಿ, ಮಳೆಗಾಲ ಕಳೆದು ಮುರ್ಡೇಶ್ವರದಿಂದ ಬೋಟ್ ಶುರು ಆದ್ಮೇಲೆ, ಪ್ರತಿ ಡೈವ್ ಕೊನೇಲಿ 5 ಮೀಟರಿನ ಸೇಫ್ಟಿ ಸ್ಟಾಪನ್ನ ಹಗ್ಗ ಹಿಡೀದೆ ಮಾಡಿ, ಮೂರು ನಿಮಿಷ ಅಡ್ಡ ಮಲಗಿದ ಹಾಗೆ, ಕಾಲು ಬಡೀದೆ. ಅದು ಬಂತಾ, ಮಾಸ್ಕ್ ತೆಗೆದು ಒಂದು ನಿಮಿಷ. ಅದೂ ಬಂತಾ, ಸರ್ಫೇಸ್ ಮಾರ್ಕರ್ ಬಿಡೋದು, ಅದೇ ಉದ್ದನೆ ಕಿತ್ತಳೆ ಬಲೂನು. ಇದು ಮೂರೂ ಬಂದ್ರೆ ಕೋರ್ಸಲ್ಲಿ ಅರ್ಧ ಭಾರ ಇಳೀತು. ಇದರ ಜೊತೆ ಲಾಗ್ ಬುಕ್ಕೂ ಬೇಕು, ಪ್ಯಾಡಿ ಅನ್ನೋ ಡೈವಿಂಗ್ ತರಬೇತಿ ಸಂಸ್ಥೆಯ ಟೆಕ್ 40 ಕೋರ್ಸಿಗೆ ಕನಿಷ್ಠ 30 ಡೈವ್, ಅದರಲ್ಲಿ 10 ನೈಟ್ರಾಕ್ಸಲ್ಲಿ 18 ಮೀಟರಿಗಿಂತ ಆಳಕ್ಕೆ ಆಗಿರ್ಬೇಕು, ವಯಸ್ಸು 18 ಆಗಿರ್ಬೇಕು. ನನ್ನ ಅಭಿಪ್ರಾಯದಲ್ಲಿ 30 ಸಾಲದು, ನೂರು ಮಾಡಿ ಹೋಗಿ.

ಡಬಲ್ ಸಿಲಿಂಡರ್ ಹೊತ್ತಾಗ ವಾಲ್ವ್ ಡ್ರಿಲ್ ಅಂತ ಮಾಡಿಸ್ತಾರೆ, ತಲೆ ಹಿಂದೆ ಕೈ ಹಾಕಿ ಮೂರು ವಾಲ್ವನ್ನ ಒಂದೊಂದಾಗಿ ಮುಚ್ಚಿ ತೆರೆಯೋದು. ಭುಜ ಬಗ್ಗಲ್ಲ, ಮೊದಲ ದಿನ ಕೈ ಮುಟ್ಟೋದೇ ಇಲ್ಲ. ಒಂದು ತಿಂಗಳು ಮುಂಚೆಯಿಂದ ದಿನಾ ಎರಡು ಸಲ ಟವೆಲ್ ಹಿಡಿದು ಭುಜ ಹಿಂದಕ್ಕೆ ಎಳ್ಕೊಳ್ಳಿ.

ಗ್ಯಾಸ್ ಲೆಕ್ಕಕ್ಕೆ ಒಂದು ಉದಾಹರಣೆ. ನಿಮಿಷಕ್ಕೆ 20 ಲೀಟರ್ ಉಸಿರಾಡೋರು 40 ಮೀಟರಲ್ಲಿ, ಅಂದ್ರೆ 5 ಬಾರಲ್ಲಿ, 100 ಲೀಟರ್ ಎಳೀತಾರೆ. 12 ಲೀಟರಿನ ಎರಡು ಸಿಲಿಂಡರ್ 200 ಬಾರಿಗೆ 4800 ಲೀಟರ್, ಮೂರರಲ್ಲೊಂದು ಭಾಗದ ನಿಯಮ (ಹೋಗೋಕೆ ಒಂದು ಪಾಲು, ಬರೋಕೆ ಒಂದು, ಆಪತ್ತಿಗೆ ಒಂದು) ಹಿಡಿದ್ರೆ ಹೋಗೋಕೆ 1600, ಅಂದ್ರೆ ಇಳಿಯೋದನ್ನೂ ಸೇರಿಸಿ ಸುಮಾರು 16 ನಿಮಿಷಕ್ಕೆ ತಿರುಗ್ಬೇಕು. ಇನ್ನು ತಳದಲ್ಲಿ ಬಡ್ಡಿ ಗ್ಯಾಸ್ ಖಾಲಿ ಆದ್ರೆ? ಗಾಬರೀಲಿ ಒಬ್ಬೊಬ್ರೂ 30 ಲೀಟರ್ ಅಂತ ಹಿಡೀರಿ, ತಳದಲ್ಲಿ ಒಂದು ನಿಮಿಷ, 21 ಮೀಟರಿಗೆ ಬರೋಕೆ ಎರಡು, ಬದಲಾಯಿಸೋಕೆ ಒಂದು, ಒಟ್ಟು ಸಾವಿರ ಲೀಟರ್ ಹತ್ರ ಆಗುತ್ತೆ, ಆ ಡಬಲ್‌ನಲ್ಲಿ 40 ಬಾರ್ ಚಿಲ್ರೆ. ಡೆಕೋ ಗ್ಯಾಸನ್ನ ಲೆಕ್ಕಕ್ಕೆ ಬಂದಿದ್ರ ಒಂದೂವರೆ ಪಟ್ಟು ಒಯ್ಯಿರಿ. ನಿಮ್ಮ ಉಸಿರಿನ ನಿಜವಾದ ಲೆಕ್ಕ ಈಗಿನ ಡೈವ್‌ಗಳಿಂದ್ಲೇ ತೆಗೀರಿ, ಊಹೆ ಬೇಡ.

ಇನ್‌ಸ್ಟ್ರಕ್ಟರ್ ಹುಡುಕೋವಾಗ ಎರಡೇ ಪ್ರಶ್ನೆ ಕೇಳಿ. ಒಂದು, ಎಷ್ಟು ಜನರನ್ನ ಫೇಲ್ ಮಾಡಿದೀರಾ? ಯಾರನ್ನೂ ಮಾಡಿಲ್ಲ ಅಂದ್ರೆ ಬೇರೆಯವರನ್ನ ನೋಡಿ. ಎರಡು, ಬೋಟಲ್ಲಿ ಆಕ್ಸಿಜನ್ ಕಿಟ್ ಇದ್ಯಾ, ಹತ್ತಿರದ ರಿಕಂಪ್ರೆಷನ್ ಚೇಂಬರ್ (ಮತ್ತೆ ಒತ್ತಡ ಹಾಕಿ ಗುಳ್ಳೆ ಕರಗಿಸೋ ಚಿಕಿತ್ಸಾ ಕೋಣೆ) ಎಲ್ಲಿ, ಅಲ್ಲಿಗೆ ಎಷ್ಟು ಹೊತ್ತು? ಥಟ್ ಅಂತ ಉತ್ತರ ಬರ್ಬೇಕು. ಡೈವ್ ಆದ್ಮೇಲೆ ಮೈ ಕೈ ಏನೇ ವಿಚಿತ್ರ ಅನ್ನಿಸಿದ್ರೂ, ಭುಜ ನೋವಾಗ್ಲಿ, ಬೆರಳು ಜುಮ್ ಅನ್ನೋದಾಗ್ಲಿ, ಚರ್ಮ ಕಲೆ ಕಲೆ ಆಗೋದಾಗ್ಲಿ, ಸುಸ್ತಿರಬೇಕು ಬಿಡು ಅಂತ ಸುಮ್ಮನಿರ್ಬೇಡಿ, ತಕ್ಷಣ ಹೇಳಿ ಆಕ್ಸಿಜನ್ ತಗೊಳ್ಳಿ, ಡಾಕ್ಟರಿಗೆ ಫೋನ್ ಮಾಡ್ಸಿ, ಮತ್ತೆ ನೀರಿಗೆ ಇಳೀಬೇಡಿ. ಡೈವಿಂಗ್ ಇನ್ಶೂರೆನ್ಸ್ ತಗೊಳ್ಳೋವಾಗ ಡೆಕೋ ಡೈವ್ ಕವರ್ ಆಗುತ್ತಾ ಅಂತ ಬರಹದಲ್ಲೇ ನೋಡ್ಕೊಳ್ಳಿ.

ವಾಪಸ್ ಬೆಂಗಳೂರಿನ ಫ್ಲೈಟ್ ಬುಕ್ ಮಾಡೋವಾಗ ಕೊನೇ ಡೈವ್ ಆಗಿ 24 ಗಂಟೆ ಕಳೆದ್ಮೇಲಿನದ್ದೇ ಬುಕ್ ಮಾಡಿ, ಜೊತೆಗೆ ಇನ್ನೊಂದು ದಿನ ಕೈಲಿಟ್ಕೊಳ್ಳಿ, ಒಂದು ದಿನ ಸಮುದ್ರ ಕೆಟ್ರೂ ಇನ್‌ಸ್ಟ್ರಕ್ಟರಿಗೆ ಅವಸರ ಮಾಡೋ ಪರಿಸ್ಥಿತಿ ಬರಲ್ಲ.