ಹಳ್ಳಿ ರೂಟಿಗೆ ಎಲೆಕ್ಟ್ರಿಕ್ ಬಸ್: ಫಾರ್ಮ್-4 ಹರಿದು ಹೊಸದಾಗಿ ಬರೆದ ಕಥೆ

9 ಮೀಟರ್ ಎಲೆಕ್ಟ್ರಿಕ್ ಬಸ್ಸನ್ನು ಹಳ್ಳಿಗೆ ಬಿಡುತ್ತೇನೆ ಅಂದಾಗ ಡಿಪೊದಲ್ಲಿ ನಗದವರೇ ಇಲ್ಲ. 'ಚಾರ್ಜು ಮುಗಿದರೆ ಎತ್ತು ಕಟ್ಟಿ ಎಳೆಸ್ತೀರಾ ಸಾರ್?' ಅಂತ ಒಬ್ಬ ಹಿರಿಯ ಡ್ರೈವರು ಕೇಳಿಯೇ ಬಿಟ್ಟರು. ಒಂದು ಚಾರ್ಜಿಗೆ ನಂಬಬಹುದಾದದ್ದು 120 ಕಿ.ಮೀ. ಅಷ್ಟೆ. ಈಗ 14 ಬಸ್ಸುಗಳು ದಿನಕ್ಕೆ ತಲಾ ಹೆಚ್ಚುಕಡಿಮೆ 190 ಕಿ.ಮೀ. ಓಡುತ್ತಿವೆ.

ಡೀಸೆಲ್ ಬಸ್ಸಿನ ಫಾರ್ಮ್-4 ಅನ್ನೇ, ಅಂದರೆ ಟ್ರಿಪ್ಪುಗಳ ವೇಳಾಪಟ್ಟಿಯನ್ನೇ, ಇದಕ್ಕೆ ತಗುಲಿಸಿದರೆ ಆಗುವುದಿಲ್ಲ. ಹಳ್ಳಿಯಲ್ಲಿ ಬೆಳಿಗ್ಗೆ ಕಾಲೇಜು ಮಕ್ಕಳು, ಸಂಜೆ ಮತ್ತೆ ಅವರೇ. 11ರಿಂದ ಎರಡೂವರೆವರೆಗೆ ಸೀಟು ಖಾಲಿ. ಆ ಹೊತ್ತಿನ ಟ್ರಿಪ್ಪುಗಳನ್ನು ಡೀಸೆಲ್‌ಗೆ ಕೊಟ್ಟು, ಎಲೆಕ್ಟ್ರಿಕ್ ಬಸ್ಸುಗಳನ್ನು ಸರದಿಯಲ್ಲಿ ಚಾರ್ಜರಿನ ಗನ್ನಿಗೆ ಹಾಕಿದೆ. ಒಂದಕ್ಕೆ 60 ಯೂನಿಟ್ ಸಿಕ್ಕರೆ ಸಂಜೆ ದಾಟುತ್ತದೆ. ನೈಟ್ ಹಾಲ್ಟ್ ಶೆಡ್ಯೂಲುಗಳ ಗೊಡವೆಗೇ ಹೋಗಲಿಲ್ಲ, ಅವು ಡೀಸೆಲ್‌ಗೇ ಇರಲಿ. ಯಾವ ಶೆಡ್ಯೂಲಿಗೆ ಯಾವುದನ್ನು ಜೋಡಿ ಮಾಡಿದೆ ಅನ್ನುವುದು ಮಾತ್ರ ನನ್ನ ಡೈರಿಯಲ್ಲೇ ಇರುತ್ತದೆ.

ಮೊದಲು ಚಾರ್ಜರ್ ಕೂರಿಸಿದ್ದು ಹೋಬಳಿ ಸ್ಟ್ಯಾಂಡಿನಲ್ಲಿ, ಲೈನಿನ ಕೊನೆಯ ಟ್ರಾನ್ಸ್‌ಫಾರ್ಮರಿಗೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಿಟ್ಟ ಕೂಡಲೇ ವೋಲ್ಟೇಜ್ ಕುಸಿದು ಚಾರ್ಜರ್ ಟ್ರಿಪ್. ಎರಡು ತಿಂಗಳು ಒದ್ದಾಡಿ, ಕಿತ್ತು ಡಿಪೊಗೆ ತಂದೆವು. ಸಾಗಣೆ, ಕೇಬಲ್, ಸಿವಿಲ್ ಕೆಲಸ ಸೇರಿ ನಾಲ್ಕು ಲಕ್ಷ ಮೇಲೇ ಹೋಯಿತು. ಪ್ಯಾಸೆಂಜರ್ ಇಲ್ಲದೆ ಡಿಪೊಗೆ ಬಂದು ಹೋಗುವ ಡೆಡ್ ಕಿಲೋಮೀಟರಿನ ತಕರಾರು ಬೇರೆ.

ರಾತ್ರಿಯದು ಇನ್ನೊಂದು ತಲೆನೋವು. ಬಂದ ಬಸ್ಸನ್ನೆಲ್ಲ ಒಟ್ಟಿಗೆ ಗನ್ನಿಗೆ ಹಾಕಿದರೆ ಕಾಂಟ್ರಾಕ್ಟ್ ಡಿಮಾಂಡ್ (ವಿದ್ಯುತ್ ಕಂಪನಿ ಜೊತೆ ಒಪ್ಪಿಕೊಂಡ ಲೋಡಿನ ಮಿತಿ) ದಾಟುತ್ತದೆ, ದಾಟಿದ್ದಕ್ಕೆ ದುಪ್ಪಟ್ಟು ದರ. ನಾಲ್ಕು ಚಾರ್ಜರ್ ಇದ್ದರೂ ಒಮ್ಮೆಗೆ ಎರಡೇ, ಒಟ್ಟು 240 ಕಿಲೋವ್ಯಾಟ್. ಬೆಳಿಗ್ಗೆ 5ಕ್ಕೆ ಹೊರಡುವ ಬಸ್ಸಿಗೆ ಮೊದಲ ಸರದಿ. ತಿಂಗಳಿಗೆ ನಲವತ್ತು-ಐವತ್ತು ಸಾವಿರ ಉಳಿಯಿತು. ಬಿಲ್ಲು ನೋಡಿದ ಮೇಲೆ ಅಕೌಂಟ್ಸ್‌ನವರು ನನಗೆ ಟೀ ಕೊಡಿಸಲು ಶುರು ಮಾಡಿದರು!

ನಡುವೆ ಒಂದೆರಡು ಪ್ರಯೋಗಗಳೂ ನಡೆದವು. ಬೇಸಿಗೆಯಲ್ಲಿ ಗನ್ ಹಾಕಿರುವಾಗಲೇ ಬ್ಯಾಟರಿ ತಂಪು ಮಾಡಿಸಿ ಹೊರಡಿಸಿದೆ; ಮೊದಲ ಟ್ರಿಪ್ಪಿನಲ್ಲಿ ಎರಡು-ಮೂರು ಪರ್ಸೆಂಟ್ ಉಳಿದ ಹಾಗೆ ಕಂಡಿತು. ಟೈರಿನ ಗಾಳಿ ಹೆಚ್ಚಿಸಿ ನೋಡಿದೆ, ಹಳ್ಳಿ ರಸ್ತೆಯಲ್ಲಿ ಪ್ಯಾಸೆಂಜರ್ ಬೈದದ್ದೇ ಲಾಭ. ಇಳಿಜಾರಿನಿಂದ ಶುರುವಾಗುವ ರೂಟಿಗೆ ಚಾರ್ಜನ್ನು 90 ಪರ್ಸೆಂಟಿಗೇ ನಿಲ್ಲಿಸುತ್ತೇನೆ: ಬ್ಯಾಟರಿ ತುಂಬಿದ್ದರೆ ಬ್ರೇಕಿನಿಂದ ಬರುವ ಕರೆಂಟು ಎಲ್ಲಿಗೆ ಹೋಗಬೇಕು? ಆದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದ್ದರಿಂದ ವಾರಕ್ಕೊಮ್ಮೆ 100 ಮಾಡಿಸಲೇಬೇಕು, ಇಲ್ಲದಿದ್ದರೆ ಮೀಟರಿನ ಪರ್ಸೆಂಟೇಜ್ ಸುಳ್ಳು ಹೇಳುತ್ತದೆ.

ಖಾಲಿ ಬಸ್ಸು ಕಿ.ಮೀ.ಗೆ 0.8 ಯೂನಿಟ್ ತಿಂದರೆ, ತುಂಬಿದ್ದು 1ರ ಹತ್ತಿರ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಖಾಲಿ ಬಸ್ಸಿನ ಲೆಕ್ಕ ಕಾಗದದಲ್ಲೇ ಉಳಿಯಿತು. ಸಂತೆ ದಿನ ಮಧ್ಯಾಹ್ನವೂ ನಿಲ್ಲಲು ಜಾಗವಿರುವುದಿಲ್ಲ. ಆವತ್ತಿಗೆ ಬೇರೆಯೇ ಫಾರ್ಮ್-4, ಎರಡು ಸ್ಪೇರ್ ಡೀಸೆಲ್. ಆ ಎರಡನ್ನೂ ಸ್ಕ್ರ್ಯಾಪಿಗೆ ಹಾಕುವ ಮಾತು ಬಂದಾಗಲೆಲ್ಲ ಸಂತೆ ದಿನದ ಕಲೆಕ್ಷನ್ ಷೀಟು ತೋರಿಸುತ್ತೇನೆ.