ಸ್ಪೀಕರಿಗೆ ಎರಡು ಜೋಡಿ ವಾಯರ್ ಎಳೆದ ಕಥೆ

ನನ್ನ ಸ್ಪೀಕರುಗಳ ಬೆನ್ನಿಗೆ ನಾಲ್ಕು ನಾಲ್ಕು ಟರ್ಮಿನಲ್ ಇವೆ. ಮೇಲಿನ ಜೋಡಿ ತೆಳು ದನಿ ಹೊರಡಿಸುವ ಟ್ವೀಟರಿಗೆ, ಕೆಳಗಿನದು ದಪ್ಪ ದನಿಯ ವೂಫರಿಗೆ. ನಡುವೆ ಎರಡು ಹಿತ್ತಾಳೆ ಪಟ್ಟಿ ಹಾಕಿ ಎರಡನ್ನೂ ಕೂಡಿಸಿರುತ್ತಾರೆ. ಆರು ವರ್ಷ ಆ ಪಟ್ಟಿ ಮುಟ್ಟದೆ ಆರಾಮಾಗಿ ಹಾಡು ಕೇಳಿದ್ದೆ. ಹೋದ ಬೇಸಿಗೆಯಲ್ಲಿ ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದ ಗೆಳೆಯ ಹಿಂದೆ ಬಗ್ಗಿ ನೋಡಿ, "ನಾಕ್ ಅದಾವಂದ್ರ ನಾಕಕ್ಕೂ ವಾಯರ್ ಹಾಕೋದು ಬಿಟ್ಟು ಪಟ್ಟಿ ಯಾಕ ಇಟ್ಟೀ?" ಅಂದ. ತಲೆಯಲ್ಲಿ ಹುಳ ಬಿತ್ತು.

ಬೈ-ವೈರಿಂಗ್ ಸುಲಭದ ಕೆಲಸ. ಪಟ್ಟಿ ಬಿಚ್ಚಬೇಕು, ಅದೇ ಆಂಪ್ಲಿಫೈಯರಿನಿಂದ ಪ್ರತಿ ಸ್ಪೀಕರಿಗೆ ಎರಡು ಜೋಡಿ ವಾಯರ್ ಎಳೆಯಬೇಕು. ಪೇಟೆಯಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ವಾಯರ್ ತಂದೆ. ಅಂಗಡಿಯವರು "ಎಸಿಗೇನ್ರಿ ಸರ?" ಅಂತ ಕೇಳಿದರು. ಸ್ಪೀಕರಿಗೆ ಅಂದದ್ದಕ್ಕೆ ನಕ್ಕರು. ಅರ್ಧ ದಿನ ಹಿಡಿಯಿತು. ಹಾಡು ಹಚ್ಚಿ ಕೂತರೆ ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸಿದ ಹಾಗಾಯಿತು. ಆದರೆ ಅಷ್ಟು ಬೆವರು ಸುರಿಸಿದ ಮೇಲೆ ಕಿವಿಗೆ ಏನಾದರೂ ಕೇಳಿಸಲೇಬೇಕಲ್ವಾ? ನನಗೇ ನನ್ನ ಮೇಲೆ ಅನುಮಾನ.

ಅದಕ್ಕೆ ಒಂದು ಉಪಾಯ ಮಾಡಿದೆ. ಎಡ ಸ್ಪೀಕರಿಗೆ ಎರಡು ಜೋಡಿ ವಾಯರ್ ಇರಲಿ, ಬಲಕ್ಕೆ ಪಟ್ಟಿ ಸಮೇತ ಒಂದೇ ಜೋಡಿ. ಮೊನೊ ಬಟನ್ ಒತ್ತಿದರೆ ಎರಡಕ್ಕೂ ಒಂದೇ ಸದ್ದು. ಮಗಳು ಬ್ಯಾಲೆನ್ಸ್ ನಾಬ್ ಅತ್ತಿತ್ತ ತಿರುವಿದಳು, ನಾನು ಕಣ್ಣು ಮುಚ್ಚಿ ಕೇಳಿದೆ. ಎಡದ್ದು ಗುಂ ಅಂತ ದಪ್ಪ, ಬಲದ್ದು ತೆಳ್ಳಗೆ. "ನೋಡಿದೇನವ್ವಾ, ಎಷ್ಟ್ ಫರಕ್ ಐತಿ!" ಅಂದೆ. ಅವಳು ಸುಮ್ನೆ ಒಪ್ಪುವವಳಲ್ಲ. "ಈಗ ವಾಯರ್ ಅದಲಬದಲ ಮಾಡೂಣಪ್ಪಾ" ಅಂದಳು. ಮಾಡಿದೆವು. ಎಡದ್ದು ಮತ್ತೆ ಗುಂ, ಬಲದ್ದು ಮತ್ತೆ ತೆಳು. ಎಡ ಸ್ಪೀಕರ್ ಮೂಲೆಗೆ ಒತ್ತಿಕೊಂಡು ಕೂತಿತ್ತು. ದಪ್ಪ ದನಿ ಆ ಮೂಲೆಯದ್ದು.

ಆಮೇಲೆ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು ಬಿಡಿ. ವಾಯರ್ 4 ಮೀಟರ್, ಹೋಗಿ ಬರಲು 8 ಮೀಟರ್. ಅದರ ರೆಸಿಸ್ಟೆನ್ಸ್ ಸುಮಾರು 0.06 ಓಮ್. 8 ಓಮ್ ಸ್ಪೀಕರಿನ ಮುಂದೆ ನೂರಕ್ಕೆ ಒಂದು ಪಾಲೂ ಇಲ್ಲ. ಎರಡು ಜೋಡಿ ಎಳೆದರೂ ಆ ತುದಿಯಲ್ಲಿ ಎರಡೂ ಅದೇ ಆಂಪ್ಲಿಫೈಯರಿನ ಅದೇ ಟರ್ಮಿನಲ್ಲಿಗೆ ಹೋಗಿ ಸೇರುತ್ತವೆ. ಹೆಚ್ಚುಕಡಿಮೆ ವಾಯರನ್ನು ದಪ್ಪ ಮಾಡಿದ ಹಾಗೆ, ಅಷ್ಟೇ. ಕೂದಲಿನಂಥ ವಾಯರನ್ನು ಉದ್ದಕ್ಕೆ ಎಳೆದುಕೊಂಡವರಿಗೆ ಫರಕು ಕೇಳಿಸಬಹುದು. ಅವರಿಗೂ ಒಂದು ಜೋಡಿ ದಪ್ಪ ವಾಯರ್ ಸಾಕು.

ಗೆಳೆಯ ಬಿಡಲಿಲ್ಲ. ತನ್ನ ಆಂಪ್ಲಿಫೈಯರನ್ನೇ ಹೊತ್ತು ತಂದ. ನನ್ನದು ವೂಫರಿಗೆ. ನನ್ನದರ ಪ್ರೀ-ಔಟಿನಿಂದ (ಪವರ್ ಏರುವ ಮೊದಲಿನ ಸಣ್ಣ ಸಿಗ್ನಲ್ ಹೊರಬರುವ ತೂತು) ಸಿಗ್ನಲ್ ತಗೊಂಡು ಅವನದು ಟ್ವೀಟರಿಗೆ. ಇದು ಬೈ-ಆಂಪಿಂಗ್. ಸ್ವಿಚ್ಚಿಗೆ ಕೈ ಚಾಚಿದ್ದೆ, "ಏ ದೋಸ್ತ, ಬಲಗಡೆ ಪಟ್ಟಿ ತಗದೀ ಏನ?" ಅಂತ ಕೂಗಿದ. ತೆಗೆದಿರಲಿಲ್ಲ! ಪಟ್ಟಿ ಇದ್ದಂತೆಯೇ ಚಾಲೂ ಮಾಡಿದರೆ ಒಂದರ ಔಟ್‌ಪುಟ್ ಇನ್ನೊಂದರ ಔಟ್‌ಪುಟ್ಟಿಗೆ ನೇರ ಅಂಟುತ್ತದೆ, ಆಂಪ್ಲಿಫೈಯರ್ ಸುಟ್ಟು ಹೋಗಬಹುದು. ಬೈ-ವೈರಿಂಗಿನಲ್ಲಿ ಪಟ್ಟಿ ಮರೆತರೆ ಏನೂ ಆಗುವುದಿಲ್ಲ, ಇಲ್ಲಿ ಹಾಗಲ್ಲ. ನೀವು ಮಾಡುವುದಾದರೆ ನಾಲ್ಕೂ ಪಟ್ಟಿ ಎಣಿಸಿ ಜೇಬಿಗೆ ಹಾಕಿಕೊಂಡ ಮೇಲೆಯೇ ಸ್ವಿಚ್ ಮುಟ್ಟಿ.

ಈ ಸಲ ಫರಕು ನಿಜಕ್ಕೂ ಇತ್ತು. ತಂಬೂರಿ ಮಿಂಚಿತು, ತಬಲಾದ ಚಾಟಿ ಖಡಕ್ ಆಯಿತು. ಎರಡು ದಿನ ಖುಷಿಯೋ ಖುಷಿ. ಮೂರನೇ ದಿನ ಮಲ್ಟಿಮೀಟರ್ ಹೊರಗೆ ತೆಗೆದೆ. ಮೊಬೈಲಿನಿಂದ 200 ಹರ್ಟ್ಸ್ ಟೋನ್ ಬಿಟ್ಟೆ. ಅಗ್ಗದ ಮೀಟರಿಗೆ ಇದಕ್ಕಿಂತ ತುಂಬಾ ಮೇಲಿನ ಟೋನ್ ಕೊಟ್ಟರೆ ಅದು ತೋರಿಸಿದ್ದನ್ನು ನಂಬುವ ಹಾಗಿಲ್ಲ. ನನ್ನ ಆಂಪ್ಲಿಫೈಯರಿನಲ್ಲಿ 2 ವೋಲ್ಟ್, ಅವನದರಲ್ಲಿ 2.45. ಸುಮಾರು 1.8 ಡೆಸಿಬೆಲ್ ಜಾಸ್ತಿ. ಟ್ರೆಬಲ್ ನಾಬ್ ತಿರುವಿದ್ದರೂ ಇದೇ ಸಿಗುತ್ತಿತ್ತು! ಅವನ ವಾಲ್ಯೂಮ್ ಇಳಿಸಿ ಎರಡನ್ನೂ ಸಮ ಮಾಡಿ ಮತ್ತೆ ಕೇಳಿದೆವು. ಮಿಂಚು ಮಾಯ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಎರಡು ಆಂಪ್ಲಿಫೈಯರ್ ಹಾಕಿದರೆ ಪವರ್ ಡಬಲ್ ಆಗುತ್ತದೆ ಅನ್ನುವ ಮಾತನ್ನೂ ಹಾಗೇ ನಂಬಬೇಡಿ. ಹಾಡಿನ ಹೆಚ್ಚಿನ ಪವರನ್ನು ವೂಫರೇ ತಿನ್ನುತ್ತದೆ. ಟ್ವೀಟರಿನ ಆಂಪ್ಲಿಫೈಯರಿಗೆ ಕೆಲಸ ಕಡಿಮೆ. ಆದರೂ ಪೂರ್ತಿ ಸಿಗ್ನಲ್ಲಿನ ವೋಲ್ಟೇಜನ್ನು ಅದೂ ಎತ್ತಲೇಬೇಕು, ಯಾಕೆಂದರೆ ಸಿಗ್ನಲ್ಲನ್ನು ವೂಫರಿಗೆ ಇಷ್ಟು, ಟ್ವೀಟರಿಗೆ ಇಷ್ಟು ಅಂತ ಒಡೆಯುವ ಕ್ರಾಸ್‌ಓವರ್ ಇನ್ನೂ ಸ್ಪೀಕರಿನ ಒಳಗೇ ಇದೆ. ಪವರ್ ನಿಜವಾಗಿ ಎರಡು ಪಟ್ಟಾದರೂ ಸಿಗುವುದು 3 ಡೆಸಿಬೆಲ್. ಒಳಗಿನ ಕ್ರಾಸ್‌ಓವರ್ ಕಿತ್ತು, ಆಂಪ್ಲಿಫೈಯರಿಗಿಂತ ಮುಂಚೆಯೇ ಸಿಗ್ನಲ್ ಒಡೆಯುವ ಆಕ್ಟಿವ್ ಪದ್ಧತಿ ಬೇರೆ. ಅದರಲ್ಲಿ ಲಾಭವಿದೆ. ಅಳೆಯುವ ಮೈಕ್ ಬೇಕು, ಸ್ಪೀಕರ್ ಬಿಚ್ಚುವ ಧೈರ್ಯ ಬೇಕು. ನನ್ನ ಹತ್ತಿರ ಎರಡೂ ಇಲ್ಲ.

ಮಗಳು ಹಿಡಿದುಕೊಟ್ಟ ಆ ಮೂಲೆ ಮಾತ್ರ ತಲೆಯಲ್ಲೇ ಉಳಿಯಿತು. ಎಡ ಸ್ಪೀಕರನ್ನು ಒಂದೂವರೆ ಅಡಿ ಈಚೆಗೆ ಎಳೆದೆ. ಗುಂ ಇಳಿಯಿತು. ನಮ್ಮ ಹಾಲಿಗೆ ಫರ್ಸಿ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಸಣ್ಣ ಗೋಳಗುಮ್ಮಟ. ಅವ್ವ ಹೊಲಿದ ದಪ್ಪ ಕೌದಿಯೊಂದನ್ನು ಗೋಡೆಗೆ ತೂಗುಹಾಕಿದೆ, ಇನ್ನೊಂದನ್ನು ಸ್ಪೀಕರುಗಳ ಮುಂದೆ ಹಾಸಿದೆ. ಹಾಡಿನ ಗೊಡವೆಗೇ ಹೋಗದ ಹೆಂಡತಿ ಅಡುಗೆಮನೆಯಿಂದ ಬಂದು "ಏನ್ ಮಾಡಿದ್ರಿ, ಮಾತು ಬಿಡಿಸಿ ಕೇಳಾಕತ್ತಾವಲ್ಲ?" ಅಂದಳು. ಪಟ್ಟಿಗಳು ತಿರುಗಿ ಟರ್ಮಿನಲ್ ಸೇರಿದವು. ಉಳಿದ ವಾಯರನ್ನು ತಮ್ಮ ನೀರಿನ ಮೋಟರಿಗೆ ಒಯ್ದ.

ಅವ್ವನಿಗೆ ಮಾತ್ರ ಸಿಟ್ಟು. "ಹೊಚ್ಚಿಕೊಳ್ಳೋ ಕೌದಿ ಗ್ವಾಡಿಗೆ ಯಾಕೋ?" ಡಿಸೆಂಬರಿನಲ್ಲಿ ಚಳಿ ಬಿದ್ದ ಒಂದು ರಾತ್ರಿ ನೋಡಿದರೆ ಗೋಡೆ ಖಾಲಿ. ನಾನೂ ಕೇಳಲು ಹೋಗಲಿಲ್ಲ.