ಕಾಫಿ ಕುಯ್ಲು ಮುಗಿಸಿ ಔಲಿಗೆ

ಹಿಮಾಲಯದಲ್ಲಿ ಹಿಮ ಬೀಳುವ ಕಾಲಕ್ಕೇ ನಮ್ಮಲ್ಲಿ ಕಾಫಿ ಹಣ್ಣಾಗುತ್ತದೆ. ಚಿಕ್ಕಮಗಳೂರಿನ ನಮ್ಮ ಚಾರಣದ ಗುಂಪು ಸ್ಕೀಯಿಂಗ್ ಅಂತ ಎರಡು ವರ್ಷ ಬರೀ ಮಾತಾಡಿದ್ದು ಇದೇ ಕಾರಣಕ್ಕೆ. ಅರೇಬಿಕಾ ಕುಯ್ಲು ಮುಗಿಯಿತು ಅನ್ನುವಾಗ ರೊಬಸ್ಟಾ ಶುರು. ಕಣದಲ್ಲಿ ಹಣ್ಣು ಹರಡಿಟ್ಟು ಉತ್ತರಾಖಂಡದ ಔಲಿಗೆ ಯಾರು ಹೋಗ್ತಾರೆ? ಕೊನೆಗೆ ಫೆಬ್ರವರಿ ಮೊದಲ ವಾರ ಅಂತ ಗೊತ್ತುಮಾಡಿ, ರೊಬಸ್ಟಾ ತೋಟದ ಇಬ್ಬರನ್ನು ಬಿಟ್ಟು ಒಂಬತ್ತು ಜನ ಹೊರಟೆವು. ಮುಂಗಡ ಕೊಟ್ಟವರ ಹೆಸರಷ್ಟೇ ಪಟ್ಟಿಗೆ. ‘ನಾನೂ ಬರ್ತೀನಿ ಮಾರಾಯ’ ಅಂದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ತಯಾರಿಗೆಂದು ಪ್ರತಿ ಭಾನುವಾರ ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತಿದ್ದೆವು. ಉಸಿರಿಗೆ ಒಳ್ಳೆಯದೇ, ಆದರೆ ಔಲಿಯಲ್ಲಿ ನೋವು ಬಂದದ್ದು ತೊಡೆಗೆ. ದಿನಾ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ಎರಡು ನಿಮಿಷ ನಿಂತಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು.

ಡೆಹ್ರಾಡೂನಿಗೆ ವಿಮಾನ, ರಿಷಿಕೇಶದಿಂದ ಮೊದಲು ಗಂಗೆಯ, ಆಮೇಲೆ ಅಲಕನಂದೆಯ ಪಕ್ಕದಲ್ಲೇ ಟೆಂಪೊ ಟ್ರಾವೆಲರ್‌ನಲ್ಲಿ ಜೋಶಿಮಠಕ್ಕೆ ಇಡೀ ದಿನದ ದಾರಿ. ಜೋಶಿಮಠ ಅಂದರೆ ಶಂಕರರ ಉತ್ತರದ ಪೀಠ. ಶೃಂಗೇರಿ ಇರುವ ಜಿಲ್ಲೆಯವರಿಗೆ ಅಲ್ಲೊಂದು ನೆಂಟಸ್ತಿಕೆ ತಾನಾಗಿ ಬರುತ್ತದೆ. 1,930 ಮೀಟರಿನ ನಮ್ಮ ಗಿರಿಯ ತುದಿ ಎಷ್ಟು ಎತ್ತರವೋ, ಆ ಪೇಟೆ ಹೆಚ್ಚುಕಡಿಮೆ ಅಷ್ಟೇ ಎತ್ತರ. ಔಲಿ ಅದರ ಮೇಲೆ ಇನ್ನೂ ಸಾವಿರ ಮೀಟರಿನವರೆಗೆ ಏರುತ್ತದೆ. ಹಾಗಾಗಿ ಮೊದಲ ರಾತ್ರಿ ಕೆಳಗೇ ಮಲಗಿದೆವು. 2023ರ ಜನವರಿಯಲ್ಲಿ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗಿನಿಂದ ರೋಪ್‌ವೇ ನಿಂತಿತ್ತು, ಜೀಪಿನಲ್ಲಿ ಹತ್ತಿದೆವು.

ಬಾಡಿಗೆ ಬೂಟಿನಲ್ಲಿ ನಾನು ಮೋಸಹೋದೆ. ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕಿ, ಅದಕ್ಕೆ ಹೊಂದುವಂತೆ ಒಂದು ಸೈಜ್ ದೊಡ್ಡದು ತಗೊಂಡೆ. ಅಂಗಡಿಯವನು ಬೇಡ ಅನ್ನಲಿಲ್ಲ. ಬೂಟಿನೊಳಗೆ ಪಾದ ಜಾರಿದರೆ ಸ್ಕೀ ಹಲಗೆ ನಮ್ಮ ಮಾತು ಕೇಳುವುದಿಲ್ಲ. ಮಧ್ಯಾಹ್ನದೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ. ಉಣ್ಣೆಯದು ಒಂದೇ ಜೊತೆ, ಬಿಗಿಯಾದ ಬೂಟು, ಅಷ್ಟು ಸಾಕು. ಜೀನ್ಸ್ ಹಾಕಿದವರು ಎರಡನೇ ಸಲ ಬೀಳುವಷ್ಟರಲ್ಲಿ ಒದ್ದೆ. ತೋಟದ ಮಳೆ ಪ್ಯಾಂಟನ್ನೇ ತಂದಿದ್ದ ಗೌಡ್ರು ಮಾತ್ರ ಒಣಗಿದ್ದರು.

ಮೊದಲ ದಿನ ಕಲಿಸಿದ್ದು ಬೀಳುವುದನ್ನು, ಏಳುವುದನ್ನು. ಹಲಗೆಗಳನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳದೆ ಎದ್ದರೆ ಎದ್ದ ಕ್ಷಣವೇ ಜಾರುತ್ತೀರಿ. ಆಮೇಲೆ ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕಿ ದಿಬ್ಬ ಹತ್ತುವುದು. ಆಮೇಲೆ ನಿಲ್ಲುವುದು: ಮುಂದಿನ ತುದಿಗಳು ಹತ್ತಿರ, ಹಿಂದಿನವು ಅಗಲ, ಹೆಂಚಿನ ಮನೆಯ ಮಾಡಿನ ಆಕಾರ, ಭಾರವೆಲ್ಲ ಒಳ ಅಂಚಿನ ಮೇಲೆ. ಕೇಳೋಕೆ ಸುಲಭ. ಆದರೆ ಹೆದರಿದ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ವಾಲಿದರೆ ಹಿಡಿತ ತಪ್ಪಿ ವೇಗ ಇನ್ನೂ ಹೆಚ್ಚುತ್ತದೆ. ಮೊಣಕಾಲ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತುವಷ್ಟು ಮುಂದೆ ಬಾಗಬೇಕು, ಇಳಿಜಾರಿಗೇ ಮುಖ ಕೊಟ್ಟು. ಇದು ನನ್ನ ಮೈಗೆ ಒಪ್ಪಿದ್ದು ಮೂರನೇ ದಿನ. ನಿಂತೆ, ತಲೆ ಎತ್ತಿದೆ, ಎದುರಿಗೆ 7,816 ಮೀಟರಿನ ನಂದಾದೇವಿ. ಎರಡು ದಿನ ಅದು ಅಲ್ಲೇ ಇತ್ತು, ನಾನು ನೋಡಿದ್ದು ನನ್ನ ಕಾಲನ್ನು ಮಾತ್ರ.

ಸಂಜೆ ರೂಮಿನಲ್ಲಿ ಒಂದೇ ಹೀಟರ್. ಅದರ ಮುಂದೆ ಒಂಬತ್ತು ಜನರ ಕೈಗವಸು, ಕಾಲುಚೀಲ. ಗೌಡ್ರು ರಾತ್ರಿ ಎದ್ದೆದ್ದು, ಕಣದಲ್ಲಿ ಕಾಫಿ ತಿರುವಿದ ಹಾಗೆ, ಒಂದೊಂದನ್ನೂ ಮಗುಚಿ ಹಾಕುತ್ತಿದ್ದರು.